ಕೆಂಪು ಬಂಪರು ಒಯ್ದ ಬಗ್ಗೆ ಪಾರ್ವತಿಬಾಯಿಯವರ ಹೇಳಿಕೆ

ಹೆಸರು: ಪಾರ್ವತಿಬಾಯಿ, ಗಂಡ ದಿವಂಗತ ಮಹಾರುದ್ರಪ್ಪ. ವಯಸ್ಸು 61 ವರ್ಷ. ವಿದ್ಯಾಭ್ಯಾಸ ಹೈಸ್ಕೂಲು. ಉದ್ಯೋಗ ಬಟ್ಟೆ ವ್ಯಾಪಾರ. ವಾಸ ಬಸವಕಲ್ಯಾಣ, ಕಿಲ್ಲೆಯ ಕಡೆಗೆ ಹೋಗುವ ಓಣಿ.

ಮೇಲೆ ಹೇಳಿದ ನಾನು ಇಂದು ಹುಮನಾಬಾದ ಪೊಲೀಸ್ ಠಾಣೆಗೆ ನನ್ನ ಸ್ವಂತ ಕಾರಿನಲ್ಲಿ ಬಂದು, ಜಮಾದಾರ ಮಡೆಪ್ಪನವರು ಕೇಳಿದ್ದಕ್ಕೆ ಬರೆಸುವುದೇನೆಂದರೆ, ನನ್ನ ಮೈದುನನ ಹೆಂಡತಿ ಲಲಿತಾಬಾಯಿ ಹುಮನಾಬಾದದಲ್ಲಿ ಇರುತ್ತಾಳೆ. ನಾನು ಹಿರಿಯ ಸೊಸೆ, ಅವಳು ಕಿರಿಯ ಸೊಸೆ. ಪಾಲಾದ ಮೇಲೆ ಕಲ್ಯಾಣದ ಅಂಗಡಿ ನಮಗೆ, ಇಲ್ಲಿಯ ಅಂಗಡಿ ಅವರಿಗೆ ಬಂತು. ನಾನು ಅವಳ ಬಂಪರನ್ನು ಕದ್ದಿದ್ದೇನೆಂದು ಅವಳು ಠಾಣೆಗೆ ಬಂದು ಹೇಳಿದ್ದಾಳೆ. ನಮ್ಮ ಮನೆತನದ ಹೆಣ್ಣುಮಗಳ ಹೆಸರು ಠಾಣೆಯಲ್ಲಿ ಕೇಳಿಬಂದದ್ದು ಇದೇ ಮೊದಲು. ಕಳವು ಎಂಬ ಶಬ್ದ ನನ್ನ ಹೆಸರಿನ ಮುಂದೆ ನಿಲ್ಲಬಾರದೆಂದು ಈ ಹೇಳಿಕೆ ಕೊಡುತ್ತಿದ್ದೇನೆ.

1986ರ ಯುಗಾದಿಗೆ ನಾನು ಕೆಂಪು ಬಣ್ಣದ ಮಾರುತಿ ಕಾರು ತೆಗೆದುಕೊಂಡೆನು. ಅದೇ ವರ್ಷ ದೀಪಾವಳಿಗೆ ಲಲಿತಾಬಾಯಿಯೂ ಮಾರುತಿ ಕಾರು ತೆಗೆದುಕೊಂಡಳು. ಅದೂ ಕೆಂಪು. ಬೇರೆ ಬಣ್ಣಗಳೂ ಸಿಗುತ್ತಿದ್ದವು ಎಂದು ತಿಳಿದವರು ಹೇಳಿದ್ದಾರೆ.

18-1-1987 ರಂದು ನನ್ನ ಮೊಮ್ಮಗನ ತೊಟ್ಟಿಲು ಕಾರ್ಯಕ್ಕೆ ಲಲಿತಾಬಾಯಿ ಬಂದಳು. ಕಂಪನಿಯಿಂದ ಬರುವಾಗ ಈ ಕಾರುಗಳ ಬಂಪರು ಕರಿಯ ಪ್ಲಾಸ್ಟಿಕ್ಕಿನದು. ಅವಳ ಕಾರಿನ ಬಂಪರು ಮಾತ್ರ ಮೈಬಣ್ಣಕ್ಕೆ ಸರಿಯಾಗಿ ಕೆಂಪಾಗಿತ್ತು. ಬಂದ ಹೆಂಗಸರು ಕೂಸಿನ ಮುಖ ನೋಡುವ ಮೊದಲು ಹೊರಗೆ ಹೋಗಿ ಬಂಪರು ನೋಡಿದರು. ಎಲ್ಲರೂ ಕೇಳುವಂತೆ ಲಲಿತಾಬಾಯಿ ನನಗೆ ಅಂದದ್ದು: "ನಿಮ್ಮ ಕಾರಿಗಿ ಇನ್ನಾ ಕರಿ ಮೀಸಿ ಅದ ಅಲ್ರಿ, ಅಕ್ಕಾ. ಬೋಳಸ್ರಿ ಒಮ್ಮೆ." ಕೂಸಿನ ಹೆಸರು ಏನಿಟ್ಟಿರಿ ಎಂದು ಅವಳು ಊಟವಾದ ಮೇಲೆ ಕೇಳಿದಳು.

ಮರುದಿನವೇ ನಮ್ಮೂರಿನ ಗೌಸನನ್ನು ಕರೆಸಿ ಮುಂದಿನ ಬಂಪರಿಗೆ ಕೆಂಪು ಹೊಡೆಸಿದೆನು. ಅವನು ಟ್ರ್ಯಾಕ್ಟರು ಮತ್ತು ಅಂಗಡಿ ಬೋರ್ಡುಗಳಿಗೆ ಬಣ್ಣ ಹೊಡೆಯುವವನು. ಒಂದು ವಾರ ಚೆನ್ನಾಗಿತ್ತು. ಆಮೇಲೆ ಅಂಗಡಿಯ ಮುಂದೆ ಒಂದು ಎಮ್ಮೆ ಬಂಪರಿಗೆ ಮೈ ತಿಕ್ಕಿತು. ಬಂಪರು ಒಳಗೆ ಬಾಗಿ ಮತ್ತೆ ಮೊದಲಿನಂತಾಯಿತು, ಬಣ್ಣ ಮಾತ್ರ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದು ಬಂತು.

ಆದ್ದರಿಂದ ಡ್ರೈವರ್ ಶಿವರಾಜನ ಕೈಯಲ್ಲಿ ಕಾರನ್ನು ಹುಮನಾಬಾದಕ್ಕೆ, ಲಲಿತಾಬಾಯಿಯ ಕಾರಿಗೆ ಬಣ್ಣ ಹೊಡೆದ ಅಜೀಮುದ್ದೀನನ ಹತ್ತಿರ ಕಳಿಸಿದೆನು. ಅವನು ಬಣ್ಣ ನೋಡಿಕೊಳ್ಳಲು ಕಾರನ್ನು ಒಂದು ದಿನ ಇಟ್ಟುಕೊಂಡು, ಬಂಪರು ಬಿಚ್ಚಿಕೊಂಡು ಕಾರನ್ನು ತಿರುಗಿ ಕಳಿಸಿದನು. ಜೊತೆಗೆ ಒಂದು ಮಾತು ಹೇಳಿ ಕಳಿಸಿದನು. ಇದು ಬಾಗುವ ಮಾಲು, ಇದಕ್ಕೆ ಲಚಕ್ ಇರುವ, ಅಂದರೆ ಬಳುಕುವ ಅಸ್ತರವೇ ಬೇಕು, ಹೈದರಾಬಾದದಿಂದ ತರಿಸಿರಿ ಎಂದು.

ನಾವು ಬಟ್ಟೆಯವರು. ನಮ್ಮಲ್ಲಿ ಅಸ್ತರವೆಂದರೆ ಕುಪ್ಪಸದ ಒಳಗೆ, ಕೋಟಿನ ಒಳಗೆ ಹಾಕುವ ಬಟ್ಟೆ. ನಮ್ಮ ಅಂಗಡಿಯಲ್ಲಿ ಇಲ್ಲದ ಅಸ್ತರ ಹೈದರಾಬಾದದಲ್ಲಿ ಏನಿರುತ್ತದೆ ಎಂದು, ಹಿಡಿದರೆ ಜಾರುವಂಥ ಕೆಂಪು ಸಾಟಿನ್ ಅಸ್ತರವನ್ನು ಎರಡು ಮೀಟರು ನಾನೇ ಹರಿದು ಕಳಿಸಿದೆನು. ಬಣ್ಣದ ಕೆಲಸದವರು ಬಣ್ಣಕ್ಕೂ ಮೊದಲು ಹಚ್ಚುವ ಪ್ರೈಮರಿಗೆ ಅಸ್ತರವೆನ್ನುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಅಜೀಮುದ್ದೀನನು ನಕ್ಕು, ಪ್ರೈಮರನ್ನು ತಾನೇ ತರಿಸಿಕೊಂಡನಂತೆ. ಆದರೆ ಈ ಸುದ್ದಿ ಲಲಿತಾಬಾಯಿಗೆ ತಲುಪಿತು. ಹಳ್ಳಿಖೇಡದ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತು ಅವಳು "ನಮ್ಮಕ್ಕ ಬಂಪರಿಗಿ ಕುಪ್ಪಸ ಹೊಲಸಾಕತ್ತಾರ" ಎಂದಳು. ಬಡಿಸುವವರು ಸಹ ನಕ್ಕರೆಂದು ಅಲ್ಲಿದ್ದವರೇ ಬಂದು ನನಗೆ ತಿಳಿಸಿದ್ದಾರೆ.

ನಿನ್ನೆ ದಿನಾಂಕ 13-3-1987, ಶುಕ್ರವಾರ, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬಂಪರು ತರಲು ನಾನೇ ಶಿವರಾಜನ ಸಂಗಡ ಹೋದೆನು. ಅಜೀಮುದ್ದೀನನು ಜುಮ್ಮಾ ನಮಾಜಿಗೆ ಹೋಗಿದ್ದನು, ಅವನ ಶೆಡ್ಡಿನ ಬಾಗಿಲು ತೆರೆದೇ ಇತ್ತು. ನಾನು ಕಳಿಸಿದ ಅಸ್ತರ ಅವನ ಕಿಟಕಿಗೆ ಪರದೆಯಾಗಿತ್ತು. ಒಳಗೆ ಹಗ್ಗಕ್ಕೆ ಎರಡು ಕೆಂಪು ಬಂಪರುಗಳನ್ನು ತೂಗುಹಾಕಿದ್ದನು. ಲಲಿತಾಬಾಯಿಯ ಬಂಪರಿಗೆ ಸೈಕಲ್ಲು ತಾಗಿ ಗೀರು ಬಿದ್ದದ್ದರಿಂದ ಅದೂ ಎರಡನೆಯ ಸಲ ಬಂದಿತ್ತೆಂದು ಆಮೇಲೆ ತಿಳಿಯಿತು. ಯಾವುದರ ಮೇಲೂ ಹೆಸರಿರಲಿಲ್ಲ. ಎರಡನ್ನೂ ಬಾಗಿಲಿಗೆ ತರಿಸಿ ಬಿಸಿಲಿಗೆ ಹಿಡಿದು ನೋಡಿದೆನು. ಎರಡನ್ನೂ ಹೆಬ್ಬೆರಳಿನಿಂದ ಒತ್ತಿದೆನು. ಎರಡೂ ಬಾಗಿದವು, ಯಾವುದರ ಬಣ್ಣವೂ ಒಡೆಯಲಿಲ್ಲ. ಒಂದು ಮಾತ್ರ ಇನ್ನೊಂದಕ್ಕಿಂತ ಚೂರು ಕೆಂಪಿತ್ತು. ಬೇರೆಯವರ ಕಣ್ಣಿಗೆ ಅದು ಕಾಣುತ್ತಿರಲಿಲ್ಲ.

ನಮ್ಮ ಅತ್ತೆಯವರ ಕಾಲದಿಂದ ಮನೆಗೆ ಎರಡು ಸೀರೆ ಬಂದರೆ ಮೊದಲು ಹಿರಿಯ ಸೊಸೆ ಆರಿಸಿಕೊಳ್ಳಬೇಕು, ಉಳಿದದ್ದು ಕಿರಿಯಳಿಗೆ. ಹಾಗೆಯೇ ಆರಿಸಿಕೊಂಡೆನು. ಹಾಡಹಗಲು, ರಸ್ತೆಯ ಮೇಲೆ ಜನರ ಮುಂದೆ ಶಿವರಾಜನು ಅದನ್ನು ಕಾರಿಗೆ ಕೂರಿಸಿದನು. ಕದಿಯುವವರು ಹೀಗೆ ಮಾಡುವುದಿಲ್ಲ.

ಈ ದಿನ ಹನ್ನೊಂದು ಗಂಟೆಗೆ ಮಡೆಪ್ಪನವರು ಎರಡೂ ಕಾರುಗಳನ್ನು ಠಾಣೆಯ ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿದರು. ಲಲಿತಾಬಾಯಿಯ ಕಾರು ಮುಂದೆ ಬಂಪರಿಲ್ಲದೆ ಬೋಳಾಗಿ ನಿಂತಿತ್ತು. ಅದನ್ನು ನೋಡಿ ನನಗೆ ದುಃಖವೇನೂ ಆಗಲಿಲ್ಲ. ಉಳಿದ ಬಂಪರನ್ನು ಅಜೀಮುದ್ದೀನನು ಹೆಗಲ ಮೇಲೆ ಹೊತ್ತು ತಂದು ನನ್ನ ಕಾರಿನ ಮೈಗೆ ಹಿಡಿದನು. ಅದು ಕಾರಿನ ಬಣ್ಣದಲ್ಲಿ ಬೆರೆತುಹೋಯಿತು. ನಾನು ನಿನ್ನೆ ಕೂರಿಸಿದ್ದು ಬೇರೆಯಾಗಿ ಎದ್ದು ಕಂಡಿತು. ಆಗ ಅವನು ಹೇಳಿದ್ದು: "ಅಸ್ತರ್ ಎರಡಕ್ಕೂ ಒಂದೇ ರೀ, ಅಮ್ಮಾ. ಬಣ್ಣ ಗಾಡಿ ನೋಡಿ ಕೂಡಸ್ತೀನಿ. ನಿಮ್ಮ ಗಾಡಿ ಅಂಗಡಿ ಮುಂದ ಬಿಸಿಲುಂಡು ಮಾಸ್ಯಾದ. ಅದಕ್ಕ ನಿಮಗ ಮಾಸಿದ ಕೆಂಪು ಹೊಡದೀನಿ."

ಅಲ್ಲಿದ್ದ ಪೇದೆಗಳೆಲ್ಲ ಇದನ್ನು ಕೇಳಿದರು. ಲಲಿತಾಬಾಯಿ ಸೆರಗು ಸರಿಮಾಡಿಕೊಂಡು, "ಇರ್ಲಿ ಬಿಡ್ರಿ ಜಮಾದಾರ್ ಸಾಬ್, ಅದು ಅಕ್ಕನ ಕಾರಿಗೇ ಇರ್ಲಿ. ನಾ ಹೊಸಾದು ಮಾಡಸ್ಕೋತೀನಿ" ಎಂದಳು. ಕಳವು ಎಂದು ಅವಳು ಅಂದಾಗ ನಾನು ಸಹಿಸಿಕೊಂಡಿದ್ದೆನು. ಈ ಮಾತನ್ನು ಸಹಿಸಿಕೊಳ್ಳಲಿಲ್ಲ. "ನೀ ಉಟ್ಟು ಬಿಟ್ಟದ್ದು ನಾ ಉಡಂಗಿಲ್ಲ, ಲಲಿತಾ" ಎಂದು ಹೇಳಿ, ಅಲ್ಲೇ ಬಿಚ್ಚಲು ಶಿವರಾಜನಿಗೆ ಹೇಳಿದೆನು. ಬಂಪರು ಅವಳಿಗೆ ತಲುಪಿದೆ. ನಾನೇ ಕೊಟ್ಟಿದ್ದೇನೆ, ಅವಳಿಂದ ಬಿಡಿಸಿಕೊಂಡದ್ದಲ್ಲ ಎಂದು ಬರೆದುಕೊಳ್ಳಬೇಕು.

ನನ್ನ ಪಾಲಿಗೆ ಬಂದ ಮಾಸಿದ ಬಂಪರನ್ನು ಕೂರಿಸಲು ನಾನು ಒಪ್ಪಿಲ್ಲ. ಅದನ್ನೂ ಕಾರನ್ನೂ ಅಜೀಮುದ್ದೀನನ ವಶಕ್ಕೆ ಕೊಟ್ಟಿದ್ದೇನೆ. ಅವನು ಕಾರಿನ ಇಡೀ ಮೈ ಉಜ್ಜಿ, ಅಸ್ತರದಿಂದ ಹಿಡಿದು ಹೊಸದಾಗಿ ಬಣ್ಣ ಹೊಡೆಯಬೇಕು. ನಾನು ಮತ್ತು ಶಿವರಾಜ ಬಸ್ಸಿನಲ್ಲಿ ಊರಿಗೆ ಹೋಗುತ್ತೇವೆ. ಯಾವ ಕೆಂಪು ಎಂದು ಅಜೀಮುದ್ದೀನನು ಎಲ್ಲರೆದುರು ಕೇಳಿದನು. ಅವನನ್ನು ಬೇರೆ ಕರೆದು ಕಿವಿಯಲ್ಲಿ ಹೇಳಿದ್ದೇನೆ. ಈ ಹೇಳಿಕೆಯ ನಕಲು ಲಲಿತಾಬಾಯಿಗೂ ಸಿಗುವುದೆಂದು ಮಡೆಪ್ಪನವರು ತಿಳಿಸಿದ್ದರಿಂದ ಆ ಬಣ್ಣದ ಹೆಸರನ್ನು ಇಲ್ಲಿ ಬರೆಸುವುದಿಲ್ಲ.

ಬರೆದದ್ದನ್ನು ನಾನೇ ಕನ್ನಡಕ ಹಾಕಿಕೊಂಡು ಓದಿದ್ದೇನೆ. ಹೇಳಿದಂತೆಯೇ ಇದೆ, ಸತ್ಯವಿದೆ.

ಸ್ಥಳ: ಹುಮನಾಬಾದ
ದಿನಾಂಕ: 14-3-1987
ಸಹಿ: ಪಾರ್ವತಿಬಾಯಿ