ಅಂಗಡಿ ಮುಚ್ಚಿದ ಮೇಲಿನ ಚದುರಂಗ

ರಿಪೇರಿಗೆ ತಂದ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರ್ ಸರಿಮಾಡುವವನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ದರ್ಜಿಯಮ್ಮನ ಪಕ್ಕದಲ್ಲೇ ತಲೆ ನರೆತ ಅಣ್ಣತಮ್ಮ ಒಂದೊಂದು ಲ್ಯಾಪ್‌ಟಾಪ್ ಅವುಚಿಕೊಂಡು ನಿಂತಿದ್ದರು.

“ಆ್ಯಪ್ ಮಾರ್ತಿದ್ದ ಆನ್‌ಲೈನ್ ಅಂಗಡೀನೇ ಮುಚ್ಚಿಹೋಯ್ತಂತೆ ಕಣೋ.”

“ಮುಚ್ಚಲಿ ಬಿಡಣ್ಣ. ನಾವು ಕೊಂಡ ಚದುರಂಗ ನಮ್ಮ ಲ್ಯಾಪ್‌ಟಾಪಲ್ಲೇ ಇದೆಯಲ್ಲ?”

“ತೆಗೆದಾಗೆಲ್ಲ ಅದು ‘ಆಡಿಸ್ಲಾ?’ ಅಂತ ಅಂಗಡೀನ ಕೇಳ್ಬೇಕಂತೆ, ಈಗ ಹೂಂ ಅನ್ನೋರೇ ಇಲ್ಲ.”

“ನಮ್ಮನೇಲಿ ನಾವು ಆಡೋಕೆ ಅದರಪ್ಪಣೆ ಯಾಕೆ?”

“ನಂಗೂ ತಲೆಬುಡ ಅರ್ಥವಾಗ್ಲಿಲ್ಲ.”

ದರ್ಜಿಯಮ್ಮನಿಗೂ ಆಗಲಿಲ್ಲ.

“ಅಟ್ಟದಲ್ಲಿ ಅಪ್ಪನ ಮರದ ಚದುರಂಗ ಇದೆ. ಸಂಜೆ ಕೆಳಗಿಳಿದು ಬಾರೋ.”

“ಎದುರುಬದುರು ಕೂತ್ಕೊಂಡಾ? ಹನ್ನೊಂದು ವರ್ಷ ನೀನು ಕೆಳಗೆ, ನಾನು ಮೇಲೆ. ಇದರಲ್ಲಿ ಕಾಯಿ ನಡೆಸಿದ್ದು ಬಿಟ್ರೆ ಮಾತೇ ಆಡಿಲ್ಲ.”

“ಈಗ ಆಡ್ತಿದೀವಲ್ಲೋ.”

“ಇದು ಕೆಟ್ಟುಹೋಯ್ತು ಅಂತ. ಅಲ್ಲಿ ಏನಂತ ಮಾತಾಡೋದು?”

ಅಣ್ಣ ಭುಜದಿಂದ ಬಾಗಿಲು ತಳ್ಳಿ, ತಮ್ಮ ದಾಟುವವರೆಗೂ ಹಿಡಿದು ನಿಂತ.

“ಯಾರಿಗೊತ್ತು? ಬಿಳಿ ಕಾಯಿ ನೀನೇ ತಗೋ, ನಡಿ.”