ಅಳದ ಹುಡುಗಿ

ಮುಂಬಯಿಯ ಸಯನ್‌ನ ಬಸ್ ಸ್ಟಾಪಿನಲ್ಲಿ ಅಮೀನಾಳ ಮುಂದೆ ಒಬ್ಬ ತಾಯಿ, ಮಗಳು ನಿಂತಿದ್ದರು. ಕನ್ನಡ ಕೇಳಿದ್ದೇ ಅವಳ ಕಿವಿ ಅತ್ತ ಹೊರಳಿತು.

“ಶ್ರೇಯಾ, ಹುಡುಗಿಯರು ದೊಡ್ಡವರಾಗುವ ಕಥೆ ಅಂತ ಪುಸ್ತಕ ಬರ್ದಿದ್ದಿಯಲ್ಲ, ಅದ್ರಲ್ಲಿ ಶಾಲೆ ಬಿಡಿಸಿದ ಹುಡುಗಿ ನಾನೇ ಅಲ್ವಾ?”

“ಹೌದಮ್ಮ. ಬೇಡ ಅಂದ್ರೆ ಆ ಸ್ಟೋರಿ ತೆಗೀತೇನೆ. ಪ್ರಿಂಟಿಗೆ ಇನ್ನೂ ಹೋಗಿಲ್ಲ.”

“ತೆಗಿಯೋದು ಎಂತಕ್ಕೆ? ಅವಳು ಅಳ್ತಾ ಕೂತ್ಲು ಅಂತ ಬರ್ದಿದ್ದಿ. ನಾನು ಅಳ್ಲೇ ಇಲ್ಲ.”

“ಮತ್ತೆ?”

“ಸೀದಾ ಪರೇಲಿಗೆ ಹೋಗಿ ಅಪ್ಪನ ಹೋಟೆಲಲ್ಲಿ ಗಿರಾಕಿಗಳ ಎದುರೇ ಕೇಳಿದೆ, ಅಣ್ಣನಿಗೆ ಶಾಲೆ ಉಂಟು, ನಂಗೆ ಯಾಕಿಲ್ಲ ಅಂತ. ಮರುದಿನ ಅಪ್ಪನೇ ಶಾಲೆಗೆ ಬಿಟ್ಟು ಬಂದ್ರು.”

“ಅಮ್ಮಾ, ಇದನ್ನ ನೀನು ಹೇಳ್ಲೇ ಇಲ್ಲ!”

“ನೀನು ಕೇಳಿದ್ದಿಯಾ? ಈಗ ಸರಿಯಾಗಿ ಬರಿ. ನನ್ನ ಹೆಸರೇ ಹಾಕು.”

ಬಸ್ ಬಂತು. ತಾಯಿಯೇ ಮೊದಲು ಹತ್ತಿದಳು. ಆ ಹೆಸರು ಏನೆಂದು ಕೇಳಬೇಕೆಂದು ಅಮೀನಾ ಮುಂದೆ ಬರುವಷ್ಟರಲ್ಲಿ ಬಸ್ ಹೊರಟಿತು.