ಸ್ವರ್ಣಲತಾ ಮಿಸ್ ಕ್ಲಾಸಿಗೆ ಇನ್ನು ಯಾರು?

ಸೇರಿರುವ ಹಿರಿಯರಿಗೆ, ತಾಯಂದಿರಿಗೆ, ಹೆಡ್‌ಮಾಸ್ಟರ್ ಗುರುಪಾದಸ್ವಾಮಿಯವರಿಗೆ, ಮುಂದೆ ಕೂತಿರುವ ಸ್ವರ್ಣಲತಾ ಅವರ ಯಜಮಾನರಿಗೆ, ಮಗ ಕಿರಣ್ ಕುಮಾರನಿಗೆ — ನನ್ನ ನಮಸ್ಕಾರ.

ನಾನು ಚಿಕ್ಕಮಲ್ಲಮ್ಮ. ಈ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಸಮಿತಿಯ ಅಧ್ಯಕ್ಷೆ. ಹರವೆಗೆ ನಡೆದು ಹೋಗಿ ಓದಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಈ ಊರಿನ ಮೊದಲ ಹೆಣ್ಣು. ನನ್ನ ಮಾತು ಕಹಿ ಅಂತ ನಿಮಗೆಲ್ಲ ಗೊತ್ತು. ಇವತ್ತು ಸಭೆ ಅಂತ ಸಕ್ಕರೆ ಬೆರೆಸಿಕೊಂಡು ಬಂದಿಲ್ಲ.

ಹೋದ ವಾರ ಸ್ವರ್ಣಲತಾ ಮಿಸ್ ಎದೆನೋವು ಅಂದರು. ಚಾಮರಾಜನಗರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಅವರೂ ನಾನೂ ಈ ಶಾಲೆಗಾಗಿ ಒಟ್ಟಿಗೆ ದುಡಿದವರು. ಒಟ್ಟಿಗೆ ಅಂದರೆ — ಜಗಳ ಆಡಿಕೊಂಡೇ. ಮಕ್ಕಳ ಊಟದ ಮೊಟ್ಟೆ ಇಷ್ಟೇ ಇಷ್ಟು ಬಂತು ಅಂತ ನಾನು ಕೂಗಿದರೆ, "ಅಮ್ಮಾ, ಮೊಟ್ಟೆ ಇಡೋದು ಕೋಳಿ, ನಾನಲ್ಲ" ಅನ್ನುತ್ತಿದ್ದರು. ನಗಿ, ನಗಬಹುದು. ಅವರ ಸಭೆಯಲ್ಲಿ ನಗದೆ ಇನ್ನೆಲ್ಲಿ ನಗೋದು.

ಒಂದು ಸಂಗತಿ ಹೇಳುತ್ತೇನೆ. ನನ್ನ ಸೊಸೆ ಭವ್ಯ ಗುಂಡ್ಲುಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಮೊಮ್ಮಗಳು ಮೇಘನಾ ಮೊದಲು ಅಮ್ಮನ ಜೊತೆ ಅಲ್ಲಿಗೇ ಹೋಗುತ್ತಿದ್ದಳು. ಟೈ, ಬೂಟು, ಇಂಗ್ಲಿಷ್ ಪದ್ಯ — ನನಗೂ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ದಿನ ಮೇಘನಾಳ ಕ್ಲಾಸಿನ ಬಾಗಿಲಲ್ಲಿ ಹೋಗಿ ನಿಂತೆ. ಈ ಬಿಳಿ ತಲೆ, ಕಂಕುಳಲ್ಲಿ ಈ ಚೀಲ. ನಗ್ಮಾ ಅನ್ನುವ ಮಗು ಓಡಿ ಬಂದು ನನ್ನ ಸೆರಗು ಹಿಡಿದು ಕೇಳಿತು — "ನೀವು ಹೊಸ ಮಿಸ್ಸಾ?"

ತಮಾಷೆಗೆ ಕೇಳಿದ್ದಲ್ಲ. ಬಾಗಿಲಿಗೆ ಯಾವ ಹೆಂಗಸು ಬಂದರೂ ಆ ಮಕ್ಕಳಿಗೆ ಹೊಸ ಮಿಸ್ಸೇ. "ಹಳೇ ಮಿಸ್ ಎಲ್ಲಮ್ಮ?" ಅಂದೆ. ಅವಳು ನನ್ನ ಮುಖ ನೋಡಿ, "ಯಾವ ಹಳೇ ಮಿಸ್ಸು?" ಅಂದಳು.

ಆ ಟೀಚರುಗಳು ಕೆಟ್ಟವರಲ್ಲ. ನಮ್ಮಂಥವರ ಮನೆಯ ಹೆಣ್ಣುಮಕ್ಕಳೇ. ಒಬ್ಬಳಿಗೆ ಮದುವೆ ಆಗುತ್ತೆ, ಒಬ್ಬಳಿಗೆ ಸರ್ಕಾರಿ ಕೆಲಸ ಸಿಗುತ್ತೆ, ಇನ್ನೊಬ್ಬಳನ್ನು ಮೈಸೂರು ಕರೆಯುತ್ತೆ. ಹೋಗುತ್ತಾರೆ.

ನಾನು ಸ್ವರ್ಣಲತಾ ಅವರ ಹತ್ತಿರ ಬಂದು ಕೇಳಿದೆ — ನಿಮ್ಮ ಕೈಗೆ ಕೊಟ್ಟರೆ ನನ್ನ ಮೊಮ್ಮಗಳಿಗೆ ಏನು ಸಿಗುತ್ತೆ? ಬೇರೆಯವರಾಗಿದ್ದರೆ ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಿದ್ದರು. ಇವರು ಸೀಮೆಸುಣ್ಣದ ಕೈ ಒರೆಸಿಕೊಂಡು ಹೇಳಿದರು: "ಒಂದು, ಎರಡು, ಮೂರು — ಎಲ್ಲಾ ಕ್ಲಾಸೂ ನಾನೊಬ್ಬಳೇ ಕಣಮ್ಮ. ಗಣತಿ, ಚುನಾವಣೆ ಅಂದ್ರೆ ಎದ್ದು ಹೋಗಲೇಬೇಕು. ಇಂಗ್ಲಿಷು ಅಲ್ಲಿಯಷ್ಟು ಬೇಗ ಬರಲ್ಲ. ಆದ್ರೆ ಜೂನ್‌ನಲ್ಲಿ ಕೈ ಹಿಡಿದ ಮಗೂನ ಏಪ್ರಿಲ್‌ಗೆ ಮುಂಚೆ ಬಿಡಲ್ಲ."

ಮೇಘನಾಳನ್ನು ತಂದು ಇಲ್ಲಿ ಸೇರಿಸಿದೆ. ಪುಟ್ಟಮಾದು, ಕಟ್ಟೆ ಮೇಲೆ ಕೂತು ಅಂದವನು ನೀನೇ ಅಲ್ಲವೇನೋ? "ಟೀಚರ್ ಮಗಳನ್ನೇ ಗೌರ್ಮೆಂಟ್ ಸ್ಕೂಲ್ಗೆ ತಂದು ಎಸೆದ್ಬುಟ್ಳು ಕಣ್ಲಾ ಮುದುಕಿ. ಇನ್ನು ಆ ಮಗೂಗೆ ಕುರಿ ಕಾಯೋದೇ ಗತಿ!" ಕೇಳಿಸಿತ್ತಪ್ಪ. ನನ್ನ ಕಿವಿ ಇನ್ನೂ ಚುರುಕಾಗಿದೆ. ಮರುವರ್ಷ ನಿನ್ನ ಮಕ್ಕಳನ್ನೂ ತಂದು ಇವರ ಹತ್ತಿರವೇ ಬಿಟ್ಟೆ.

ಕೊಟ್ಟ ಮಾತು ಉಳಿಸಿಕೊಂಡರು. ತಮ್ಮ ಮನೆ ಹತ್ತಿರ, ಚಾಮರಾಜನಗರಕ್ಕೇ ವರ್ಗವಾಗಿ ಹೋಗುವ ಅವಕಾಶ ನಡುವರ್ಷದಲ್ಲಿ ಬಂದಾಗಲೂ ಬೇಡ ಅಂದರು. ಈ ವರ್ಷ — ಈ ವರ್ಷವೊಂದೇ — ಏಪ್ರಿಲ್ ತನಕ ಇರಲಿಲ್ಲ. ಅದು ಅವರ ಕೈಯಲ್ಲಿರಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಅವರು ಮಣ್ಣಾದ ಮಾರನೇ ದಿನವೇ ಪುಟ್ಟಮಾದು ನಮ್ಮ ಜಗಲಿಗೆ ಬಂದ. ಅವನೊಬ್ಬನೇ ಅಲ್ಲ, ಇಲ್ಲಿ ಕೂತಿರುವ ಅರ್ಧ ಜನ ಬಂದಿರಿ. "ಅವ್ವೋ, ಮನೇಲೇ ಮಿಸ್ಸು ಮಡಿಕಂಡು ಇನ್ಯಾರ ದಾರಿ ಕಾಯನ? ಭವ್ಯಕ್ಕನ್ನ ಅಲ್ಲಿಂದ ಬುಡಿಸ್ಕಂಡು ಬನ್ನಿ. ಇಲ್ದಿದ್ರೆ ಟೀಸಿ ಇಸ್ಕಂಡು ಓಯ್ತೀವಿ." ಹೆಡ್‌ಮಾಸ್ಟರ್ ಕೂಡ, ಅತಿಥಿ ಶಿಕ್ಷಕಿಯಾಗಿ ಭವ್ಯ ಬಂದರೆ ಒಳ್ಳೆಯದು ಅಂದರು. ಮಕ್ಕಳು ಕಡಿಮೆಯಾದರೆ ಶಾಲೆಗೇ ಕುತ್ತು, ಅದೂ ನಿಜ. ನನಗೇನು ಆಸೆ ಇರಲಿಲ್ಲವೇ? ಮಿಸ್ ಇಲ್ಲದ ಆ ಕ್ಲಾಸಿನಲ್ಲಿ ಕೂತಿರುವವಳು ನನ್ನ ಮೊಮ್ಮಗಳೂ ಹೌದು.

ಭವ್ಯಳನ್ನು ಕೇಳಿದೆ. "ನೀವು ಅಂದ್ರೆ ಬತ್ತೀನತ್ತೆ. ಮೇಘನಾ ಕಣ್ಮುಂದೆ ಇರ್ತಾಳೆ. ಆದ್ರೆ ನಗ್ಮಾ ಕ್ಲಾಸಿಗೆ ಈ ವರ್ಷ ನಾನೇ ಮೂರನೇ ಮಿಸ್ಸು" ಅಂದಳು. ಆಮೇಲೆ ಸೊಪ್ಪು ಬಿಡಿಸುತ್ತಾ ಕೂತಳು.

ಅಲ್ಲಿಂದ ಮಿಸ್ಸನ್ನು ಕಿತ್ತು ತಂದು ಇಲ್ಲಿ ನೆಟ್ಟರೆ, ನಾನು ಯಾವುದನ್ನು ಬೈದು ಬಂದೆನೋ ಅದನ್ನೇ ನನ್ನ ಕೈಯಾರೆ ಮಾಡಿದ ಹಾಗೆ. ಸ್ವರ್ಣಲತಾ ಅವರ ಕುರ್ಚಿ ತುಂಬಲು ಆ ಕೆಲಸ ಮಾಡಲಾರೆ. "ಊರ ಮಕ್ಳಿಗಿಂತ ಗುಂಡ್ಲುಪೇಟೆ ಮಕ್ಳು ಎಚ್ಚಾದ್ವಾ ನಿಮ್ಗೆ?" ಅಂದ ಪುಟ್ಟಮಾದು. ಹೆಚ್ಚಲ್ಲ ಕಣಪ್ಪ. ಕಡಿಮೆಯೂ ಅಲ್ಲ.

ನಿನ್ನೆ ಹೆಡ್‌ಮಾಸ್ಟರಿಗೆ ಹೇಳಿಯಾಯಿತು. ಪರೀಕ್ಷೆ ಮುಗಿಯುವವರೆಗೆ ಭವ್ಯ ಅಲ್ಲೇ ಇರುತ್ತಾಳೆ. ಇಲ್ಲಿಗೆ ನಾಳೆಯಿಂದ ಬದನಗುಪ್ಪೆಯ ಕುಮಾರಿ ಅನ್ನುವ ಹುಡುಗಿ ಬರುತ್ತಾಳೆ. ಕಲಿತವಳು, ಆದರೆ ಹೊಸಬಳು. ಹೇಗೆ ಕಲಿಸುತ್ತಾಳೋ ನನಗೂ ಗೊತ್ತಿಲ್ಲ. ಮೇಘನಾ ಅವಳ ಮುಂದೆಯೇ ಕೂರುತ್ತಾಳೆ. ಟೀಸಿ ಬೇಕಾದವರು ಕೇಳಿ ಪಡೆಯಿರಿ, ನಾನು ಅಡ್ಡ ಬರುವುದಿಲ್ಲ.

"ಸಭೆಗಾದ್ರೂ ಇರ್ತೀನತ್ತೆ" ಅಂತ ಭವ್ಯ ಬೆಳಗ್ಗೆ ಕೇಳಿದಳು. ರಜೆ ಹಾಕಬೇಡ ಅಂದೆ. ನಾನೇ ಹೋಗಿ ಅವಳನ್ನು ಗುಂಡ್ಲುಪೇಟೆ ಬಸ್ಸು ಹತ್ತಿಸಿ ಇಲ್ಲಿಗೆ ಬಂದಿದ್ದೇನೆ.

ಈಗ ಎಲ್ಲರೂ ಏಳಿ. ಮಕ್ಕಳೇ, ನೀವೂ. ಫೋನು ಜೇಬಿನೊಳಗೆ ಹೋಗಲಿ. ಸ್ವರ್ಣಲತಾ ಮಿಸ್ ಹಾಜರಿ ಕರೆಯುವ ಮುಂಚೆ ಕ್ಲಾಸು ಹೇಗೆ ಸುಮ್ಮನಾಗುತ್ತಿತ್ತೋ — ಹಾಗೆ ನಿಲ್ಲೋಣ.